ಊದಿದ ಕೆನ್ನೆಯ ಕಿಟಕಿ

ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಮೆಟ್ಟಿಲ ಗೋಡೆಯಲ್ಲಿ ಒಂದು ಬಣ್ಣದ ಗಾಜಿನ ಕಿಟಕಿ ಇತ್ತು. ಎಂಟು ಅಡಿ ಎತ್ತರ, ನಾಲ್ಕು ಅಡಿ ಅಗಲ. ಅದರಲ್ಲಿ ಒಬ್ಬ ಹೆಂಗಸು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸ್ವಿಚ್‌ಬೋರ್ಡಿನ ಮುಂದೆ ಕುಳಿತಿದ್ದಳು. ಅವಳ ಮೊಣಕಾಲವರೆಗೆ ನೀಲಿ ನೀರು. ಎದೆಯ ಮೇಲಿನ ಬಿಲ್ಲೆಯಲ್ಲಿ ಏಳು ಎಂಬ ಅಂಕಿ. ಎಡ ಕೆನ್ನೆ ಬಲ ಕೆನ್ನೆಗಿಂತ ಎರಡು ಪಟ್ಟು ದಪ್ಪ. ಪ್ರವಾಹದ ದಿನ ಕೆಳಗಿನ ಬೀದಿಗಳ ಜನರನ್ನು ಎಚ್ಚರಿಸಿ ಉಳಿಸಿದ ಆಪರೇಟರಿನ ನೆನಪಿಗೆ ಆ ಬೀದಿಗಳವರೇ ಸೇರಿ ಮಾಡಿಸಿದ ಕಿಟಕಿ ಅದು. ಕೆನ್ನೆ ಯಾಕೆ ಹಾಗಿದೆ ಎಂದು ಕೇಳಿದವರಿಗೆ ಊರಿನವರು ‘ಅದು ಛಲ’ ಎನ್ನುತ್ತಿದ್ದರು. ಅದು ಛಲವಲ್ಲ, ದವಡೆ ಹಲ್ಲು. ಆ ಹಲ್ಲು ಕೀಳಿಸಿಕೊಂಡವಳು ಆ ದಿನ ಎಕ್ಸ್‌ಚೇಂಜಿನಲ್ಲಿ ಇರಲೇ ಇಲ್ಲ.

ಆಗ ಎಕ್ಸ್‌ಚೇಂಜಿನಲ್ಲಿ ಒಂದೇ ಮನೆಯ ಇಬ್ಬರು ಕೆಲಸ ಮಾಡುತ್ತಿದ್ದರು. ನಾಲ್ಕನೇ ನಂಬರಿನವಳು ಅತ್ತಿಗೆ, ಏಳನೇ ನಂಬರಿನವಳು ನಾದಿನಿ. ಅತ್ತಿಗೆಗೆ ಮೂವತ್ತಮೂರು, ನಾದಿನಿಗೆ ಇಪ್ಪತ್ತಾರು. ಒಬ್ಬಳಿಗೆ ಗಂಡ, ಇನ್ನೊಬ್ಬಳಿಗೆ ಅಣ್ಣ ಆದವನು ಅಂಚೆ ಕಚೇರಿಯಲ್ಲಿ ಸಾರ್ಟರ್. ಬಂದ ಕಾಗದಗಳನ್ನು ಬೀದಿವಾರು ವಿಂಗಡಿಸಿ ಗೂಡುಗಳಿಗೆ ಹಾಕುವುದು ಅವನ ಕೆಲಸ. ಮನೆಯಲ್ಲೂ ಅವನಿಗೆ ಹೆಚ್ಚು ಕಡಿಮೆ ಅದೇ ಕೆಲಸವಿತ್ತು. ಅತ್ತಿಗೆ ನಾದಿನಿಯರು ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಕಾರಣ ಗೊರಕೆ. ನಾದಿನಿಯ ಮದುವೆಯ ಮಾತುಕತೆಗೆಂದು ಬಂದಿದ್ದ ಕಂಪೌಂಡರ್ ಒಬ್ಬನ ತಾಯಿ, ಮಾತು ಮುಂದುವರಿಸಲು ಏನೂ ತೋಚದೆ, “ಹುಡುಗಿ ಊಟ ನಿದ್ದೆ ಎಲ್ಲ ಚೆನ್ನಾಗಿ ಮಾಡ್ತಾಳಾ?” ಎಂದು ಕೇಳಿದ್ದರು. “ನಿದ್ದೆ ಮಾಡಿದ್ರೆ ಪಕ್ಕದ ಮನೆಯವರಿಗೂ ಗೊತ್ತಾಗುತ್ತೆ,” ಎಂದಿದ್ದಳು ಅತ್ತಿಗೆ. ತಮಾಷೆಗೆ ಅಂದದ್ದು. ಕಂಪೌಂಡರನ ತಾಯಿ ನಗಲಿಲ್ಲ. ಮುಂದಿನ ವಾರ ಅವರು ಬೇರೆ ಕಡೆ ಹುಡುಗಿ ನೋಡಿದರು. ಅಂದಿನಿಂದ ನಾದಿನಿ ಅತ್ತಿಗೆಗೆ ಹೇಳಬೇಕಾದ್ದನ್ನು ಅಣ್ಣನಿಗೆ ಹೇಳುತ್ತಿದ್ದಳು, ಅತ್ತಿಗೆ ನಾದಿನಿಗೆ ಹೇಳಬೇಕಾದ್ದನ್ನು ಗಂಡನಿಗೆ ಹೇಳುತ್ತಿದ್ದಳು. ಮೂವರೂ ಒಂದೇ ಅಡುಗೆಮನೆಯಲ್ಲಿ ಇರುವಾಗಲೂ ಇದು ತಪ್ಪುತ್ತಿರಲಿಲ್ಲ. ಸಾರ್ಟರ್ ಮಧ್ಯದಲ್ಲಿ ಕುಳಿತು, ಎಡಗಿವಿಯಲ್ಲಿ ಕೇಳಿದ್ದನ್ನು ಬಲಕ್ಕೆ ತಿರುಗಿ ಹೇಳುತ್ತಿದ್ದ. ಬೇಸರವಿಲ್ಲದ ಮನುಷ್ಯ.

ನಾದಿನಿಗೆ ಹಲ್ಲುನೋವು ಬಂದಾಗಲೂ ವ್ಯವಸ್ಥೆ ಹೀಗೇ ಆಯಿತು.

“ಅಣ್ಣ, ನಾಳೆ ಬೆಳಿಗ್ಗೆ ಹಲ್ಲು ಕೀಳಿಸ್ಬೇಕು. ಡ್ಯೂಟಿ ಇದೆ. ರಜ ಕೇಳೋಣ ಅಂದ್ರೆ ಸೂಪರ್‌ವೈಸರ್ ಊರಲ್ಲಿಲ್ಲ. ನನ್ನ ಬೋರ್ಡಲ್ಲಿ ಕೂತ್ಕೊಳ್ಳೋಕಾಗುತ್ತಾ ಅಂತ ಕೇಳು.”

ಸಾರ್ಟರ್ ತಿರುಗಿ ಹೆಂಡತಿಯನ್ನು ನೋಡಿದ.

“ಆಗುತ್ತೆ ಅಂತ ಹೇಳಿ,” ಎಂದಳು ಅತ್ತಿಗೆ. “ಅವಳ ಸಹೀನೂ ನಾನೇ ಹಾಕ್ತೀನಿ ಅಂತ ಹೇಳಿ. ಇಲ್ದಿದ್ರೆ ಇಬ್ಬರಿಗೂ ಮೆಮೋ ಬರುತ್ತೆ.”

“ಥ್ಯಾಂಕ್ಸ್ ಅಂತ ಹೇಳು.”

“ಪರವಾಗಿಲ್ಲ ಅಂತ ಹೇಳಿ.”

ಎರಡು ವರ್ಷಗಳಲ್ಲಿ ಅವರಿಬ್ಬರ ನಡುವೆ ನಡೆದ ಅತ್ಯಂತ ಸ್ನೇಹಪೂರ್ವಕ ಸಂಭಾಷಣೆ ಅದು.

ಮರುದಿನ ಬೆಳಿಗ್ಗೆ ನಾದಿನಿ ಮೇಲಿನ ರಸ್ತೆಯ ದಂತವೈದ್ಯರ ಬಾಗಿಲಲ್ಲಿ ಕುಳಿತಳು. ಅತ್ತಿಗೆ ಎಕ್ಸ್‌ಚೇಂಜಿನ ಕರೆಗಳ ಪುಸ್ತಕದಲ್ಲಿ ಏಳನೇ ನಂಬರಿನ ಮುಂದೆ ನಾದಿನಿಯ ಸಹಿ ಹಾಕಿ, ಏಳನೇ ನಂಬರಿನ ಬಿಲ್ಲೆ ಸಿಕ್ಕಿಸಿಕೊಂಡು ಬೋರ್ಡಿನ ಮುಂದೆ ಕುಳಿತಳು. ಪಕ್ಕದ ಕುರ್ಚಿಯವಳು ಹೆರಿಗೆ ರಜದಲ್ಲಿದ್ದಳು. ಕಟ್ಟಡದಲ್ಲಿ ಇದ್ದದ್ದು ಅವಳು ಮತ್ತು ಬಾಗಿಲಲ್ಲಿ ಕಾವಲುಗಾರ, ಇಬ್ಬರೇ.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಜಲಾಶಯದ ಪಂಪ್‌ಹೌಸಿನಿಂದ ಕರೆ ಬಂತು.

“ಎಕ್ಸ್‌ಚೇಂಜಾ? ಒಡ್ಡು ಬಾಯಿ ಬಿಟ್ಟಿದೆ. ಸೂಪರ್‌ವೈಸರ್‌ಗೆ ಕೊಡಿ.”

“ಅವರಿಲ್ಲ.”

“ಮತ್ಯಾರಿದಾರೆ?”

ಅತ್ತಿಗೆ ಕೋಣೆಯನ್ನು ಒಮ್ಮೆ ನೋಡಿದಳು. “ನಾನಿದೀನಿ,” ಎಂದಳು.

ಕೆಳಗಿನ ಬೀದಿಗಳಲ್ಲಿ ನೂರ ನಲವತ್ತು ಮನೆಗಳಿಗೆ ಟೆಲಿಫೋನ್ ಇತ್ತು. ಅತ್ತಿಗೆ ಒಂದನೆಯದರಿಂದ ಶುರು ಮಾಡಿದಳು. ವಯರಿನ ತುದಿಯ ಪ್ಲಗ್ಗನ್ನು ಆ ಮನೆಯ ತೂತಿಗೆ ಚುಚ್ಚುವುದು, ಗಂಟೆ ಹೊಡೆಯುವುದು, ಹೇಳುವುದು, ಕೀಳುವುದು. “ಎಕ್ಸ್‌ಚೇಂಜ್‌ನಿಂದ. ಒಡ್ಡು ಒಡೆದಿದೆ. ಮೇಲಿನ ರಸ್ತೆಗೆ ಹೋಗಿ, ಪಕ್ಕದ ಮನೆಗೂ ಹೇಳಿ.” ಒಬ್ಬರು ರಾಂಗ್ ನಂಬರ್ ಎಂದು ಇಟ್ಟರು, ಅವರಿಗೆ ಮತ್ತೆ ಮಾಡಬೇಕಾಯಿತು. ಇನ್ನೊಬ್ಬರು, ತಲೆಗೆ ಬಣ್ಣ ಹಚ್ಚಿಕೊಂಡಿದ್ದೇನೆ, ತೊಳೆದುಕೊಳ್ಳುವಷ್ಟು ಸಮಯ ಇದೆಯಾ ಎಂದು ವಿಚಾರಿಸಿದರು. “ನೀರೇ ಬರ್ತಿದೆ,” ಎಂದಳು ಅತ್ತಿಗೆ.

ಅರವತ್ತನೇ ಮನೆಯ ಹೊತ್ತಿಗೆ ಬಾಗಿಲ ಕೆಳಗಿನಿಂದ ನೀರು ಒಳಗೆ ಬಂತು. ಕಾವಲುಗಾರ ನೀರನ್ನು ನೋಡಿ, ಅತ್ತಿಗೆಯನ್ನು ನೋಡಿ, ಕಾಲಿಗೆ ಬುದ್ಧಿ ಹೇಳಿದ. ಅತ್ತಿಗೆ ಚಪ್ಪಲಿ ತೇಲಿಹೋಗುವುದನ್ನು ನೋಡುತ್ತ ಅರವತ್ತೊಂದನೆಯ ಮನೆಗೆ ಗಂಟೆ ಹೊಡೆದಳು. ಹನ್ನೆರಡು ಮುಕ್ಕಾಲಿಗೆ ನೀರು ಕುರ್ಚಿಯ ಮೇಲೆ ಬಂತು. ಬೋರ್ಡಿನ ಕೆಳಗಿನ ಸಾಲಿನ ಪುಟ್ಟ ದೀಪಗಳು ಆರಿದವು, ಆಮೇಲೆ ಮೇಲಿನವು. ಎಲ್ಲ ಆರಿದ ಮೇಲೆ ಅವಳು ಹೆಡ್‌ಫೋನನ್ನು ಅದರ ಮೊಳೆಗೆ ತೂಗುಹಾಕಿ, ಕರೆಗಳ ಪುಸ್ತಕವನ್ನು ತಲೆಯ ಮೇಲಿಟ್ಟುಕೊಂಡು ತಾರಸಿ ಹತ್ತಿದಳು. ಮಧ್ಯಾಹ್ನ ನಾಲ್ಕಕ್ಕೆ ಅಗ್ನಿಶಾಮಕದವರ ದೋಣಿ ಬಂತು.

ಮನೆಗೆ ಬಂದಾಗ ನಾದಿನಿ ಬಾಯಿ ತುಂಬ ಹತ್ತಿ ಇಟ್ಟುಕೊಂಡು ಮಂಚದ ಮೇಲೆ ಕುಳಿತಿದ್ದಳು. ಎಡ ಕೆನ್ನೆ ಬನ್ನಿನ ಹಾಗೆ ಊದಿತ್ತು.

“ಎಲ್ಲಿದ್ದೆ?” ಎಂದ ಸಾರ್ಟರ್.

“ಎಕ್ಸ್‌ಚೇಂಜಲ್ಲಿ.”

“ನೀರು ಬಂತಾ?”

“ಬಂತು.” ಅತ್ತಿಗೆ ಸೀರೆ ಬದಲಾಯಿಸಿ ಗೋಡೆಯ ಕಡೆ ತಿರುಗಿ ಮಲಗಿದಳು.

ಕೆಳಗಿನ ಬೀದಿಗಳಲ್ಲಿ ಎಪ್ಪತ್ತು ಮನೆ ಬಿದ್ದಿದ್ದವು. ಸತ್ತವನು ಒಬ್ಬನೇ, ಮೂಲೆ ಮನೆಯ ಟೈಲರ್. ಪಾಪ, ಹಗಲು ಹೊತ್ತು ನಿದ್ದೆ ಹೋಗಿದ್ದನಂತೆ ಎಂದು ಜನ ಮಾತಾಡಿಕೊಂಡರು.

ಎರಡನೇ ದಿನ ಕೆಳಗಿನ ಬೀದಿಯ ಬೇಕರಿ ಮಾಲೀಕರು ಹತ್ತು ಜನರನ್ನೂ ಒಬ್ಬ ಪತ್ರಿಕೆಯವನನ್ನೂ ಕರೆದುಕೊಂಡು ಮನೆಗೆ ಬಂದರು. ಎಕ್ಸ್‌ಚೇಂಜಿನ ಪುಸ್ತಕದಲ್ಲಿ ಆ ಹೊತ್ತಿನ ಸಹಿ ಯಾರದೆಂದು ಅವರು ನೋಡಿಕೊಂಡೇ ಬಂದಿದ್ದರು. ತಾನು ಕೊನೆಯ ಗಳಿಗೆವರೆಗೂ ಬಾಗಿಲಲ್ಲೇ ಇದ್ದೆ, ಏಳನೇ ನಂಬರಿನವರ ಧೈರ್ಯ ಕಣ್ಣಾರೆ ಕಂಡೆ ಎಂದು ಕಾವಲುಗಾರ ಹೇಳಿಕೆ ಕೊಟ್ಟಿದ್ದ.

“ನಮ್ಮನ್ನೆಲ್ಲ ಉಳಿಸಿದ್ದು ನೀವೇ ಅಲ್ವೇನಮ್ಮಾ?” ಎಂದರು ಬೇಕರಿ ಮಾಲೀಕರು.

ನಾದಿನಿ ಜೋರಾಗಿ ತಲೆ ಅಲ್ಲಾಡಿಸಿದಳು.

“ನೋಡಿದ್ರಾ ವಿನಯ!”

ನಾದಿನಿ ಹತ್ತಿಯ ಹಿಂದಿನಿಂದ ಏನೋ ಹೇಳಿದಳು. ‘ಭಾವ ಉಕ್ಕಿ ಬಂದು ಮಾತೇ ಹೊರಡಲಿಲ್ಲ’ ಎಂದು ಪತ್ರಿಕೆಯವನು ಬರೆದುಕೊಂಡ. ಅವಳು ಅವನ ಕೈಯಿಂದ ಪೆನ್ಸಿಲ್ಲು ಕಿತ್ತುಕೊಂಡು ಕಾಗದದ ಮೇಲೆ ದೊಡ್ಡದಾಗಿ ‘ನಾನಲ್ಲ’ ಎಂದು ಬರೆದು ಎಲ್ಲರಿಗೂ ತೋರಿಸಿದಳು. ಬೇಕರಿ ಮಾಲೀಕರು ಅದನ್ನು ಗಟ್ಟಿಯಾಗಿ ಓದಿ ಕಣ್ಣೊರೆಸಿಕೊಂಡರು. “ನಾನಲ್ಲ, ಮೇಲಿರೋನು ಮಾಡಿಸಿದ ಅಂತಿದಾರೆ,” ಎಂದು ಹಿಂದಿನವರಿಗೆ ವಿವರಿಸಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ತುಟಿ ಪಿಟಕ್ಕೆನ್ನಲಿಲ್ಲ.

ನಾಲ್ಕನೇ ದಿನ ನಾದಿನಿಗೆ ಮಾತು ಬಂತು. ಅವಳು ನೇರ ಸೂಪರ್‌ವೈಸರ್ ಹತ್ತಿರ ಹೋದಳು.

“ಸರ್, ಒಂದು ಮಾತು. ಒಂದು ವೇಳೆ ಏಳನೇ ನಂಬರು ಆ ದಿನ ಡ್ಯೂಟಿಯಲ್ಲಿ ಇರ್ಲಿಲ್ಲ ಅಂದ್ರೆ?”

ಸೂಪರ್‌ವೈಸರ್ ಕನ್ನಡಕ ತೆಗೆದು ಒರೆಸಿದರು. “ಇರ್ಲಿಲ್ಲ ಅಂದ್ರೆ ಏಳನೇ ನಂಬರು ಡಿಸ್‌ಮಿಸ್. ನಾಲ್ಕನೇ ನಂಬರು ಏಳರ ಸಹಿ ಹಾಕಿತ್ತು ಅಂದ್ರೆ ನಾಲ್ಕೂ ಡಿಸ್‌ಮಿಸ್. ಕಾವಲುಗಾರ ಸುಳ್ಳು ಹೇಳಿದ ಅಂದ್ರೆ ಅವನೂ ಹೋದ. ಆಮೇಲೆ ಬೋರ್ಡ್ ನೋಡ್ಕೊಳ್ಳೋಕೆ ನಾನು ಮತ್ತು ಆ ಹೆರಿಗೆಯವಳು. ಏನೋ ಹೇಳ್ತಿದ್ರಲ್ಲ?”

“ಏನಿಲ್ಲ ಸರ್. ಹಲ್ಲು ನೋವು.”

“ಉಪ್ಪು ನೀರಲ್ಲಿ ಬಾಯಿ ಮುಕ್ಕಳಿಸಿ.”

ಮನೆಯಲ್ಲಿ ಅವಳು ಅಣ್ಣನಿಗೆ ಹೇಳಿದಳು: “ಕೆಲಸ ಹೋದ್ರೆ ಹೋಗ್ಲಿ, ನಿಜ ಹೇಳ್ಬಿಡ್ಲಾ ಅಂತ ಕೇಳು.”

ಸಾರ್ಟರ್ ತಿರುಗಿದ. ಅತ್ತಿಗೆ ಪಾತ್ರೆ ತೊಳೆಯುತ್ತಿದ್ದಳು. “ಬೇಡ ಅಂತ ಹೇಳಿ.”

“ಯಾಕೆ ಅಂತ ಕೇಳು.”

“ಬೇಡ ಅಂದ್ರೆ ಬೇಡ ಅಂತ ಹೇಳಿ.”

ನಾದಿನಿಗೆ ಇದರ ಅರ್ಥ ಸ್ಪಷ್ಟವಾಗಿತ್ತು. ಇದು ದೊಡ್ಡ ಮನಸ್ಸಲ್ಲ, ಹಗೆ. ಜೀವ ಇರುವವರೆಗೂ ತನ್ನನ್ನು ಋಣದಲ್ಲಿ ಕೂರಿಸುವ ಉಪಾಯ. ಗೊರಕೆಗಿಂತ ಇದು ದೊಡ್ಡ ಏಟು ಎಂದು ಅವಳಿಗೆ ಅನ್ನಿಸಿತು.

ಕಿಟಕಿಯ ಯೋಚನೆ ಬೇಕರಿ ಮಾಲೀಕರದು. ಪ್ರತಿಮೆ ನಿಲ್ಲಿಸಿದರೆ ಕಾಗೆ ಕೂರುತ್ತದೆ, ಕಲ್ಲಿನಲ್ಲಿ ಬರೆಸಿದರೆ ಯಾರೂ ಓದುವುದಿಲ್ಲ, ಬಣ್ಣದ ಗಾಜಾದರೆ ಮೆಟ್ಟಿಲು ಹತ್ತುವವರು ನೋಡಲೇಬೇಕು ಎಂಬುದು ಅವರ ವಾದ. ಕೆಲಸವನ್ನು ಗಾಜಿನ ಮೇಷ್ಟ್ರಿಗೆ ಒಪ್ಪಿಸಿದರು. ಅವರು ಹಿಂದೆ ಎಲ್ಲೋ ಕಲಾಶಾಲೆಯಲ್ಲಿ ಕಲಿಸುತ್ತಿದ್ದವರು, ಈಗ ಊರಿನ ಔಷಧಿ ಅಂಗಡಿಗಳಿಗೆ ಗಾಜಿನ ಬೋರ್ಡು ಮಾಡಿಕೊಡುತ್ತಿದ್ದರು. ಅವರು ಐದನೇ ದಿನವೇ ಇದ್ದಿಲ ಕಡ್ಡಿ ಹಿಡಿದು ಮನೆಗೆ ಬಂದು ನಾದಿನಿಯ ಮುಖ ಬರೆದುಕೊಂಡು ಹೋದರು. ಊತ ಇನ್ನೂ ಇಳಿದಿರಲಿಲ್ಲ.

ಎರಡು ತಿಂಗಳ ಮೇಲೆ ಕಿಟಕಿಗೆಂದು ಸೇರಿದ್ದ ಸಮಿತಿಯವರು ಕಾರ್ಯಾಗಾರಕ್ಕೆ ಹೋಗಿ ನೋಡಿ ಗಾಬರಿಯಾದರು.

“ಮೇಷ್ಟ್ರೇ, ಕೆನ್ನೆ?”

“ನಾನು ಕಂಡದ್ದನ್ನು ಮಾಡ್ತೀನಿ. ಕಾಣದ್ದು ಬೇಕಿದ್ರೆ ಬೇರೆಯವರ ಹತ್ರ ಹೋಗಿ.”

“ಸ್ವಲ್ಪ ಇಳಿಸೋಕಾಗಲ್ವಾ?”

“ಗಾಜಿನ ಮೇಲೆ ಬರೆದು ಭಟ್ಟಿಯಲ್ಲಿ ಸುಟ್ಟಾಗಿದೆ. ಸುಟ್ಟ ಮೇಲೆ ಇಳಿಯಲ್ಲ.”

ಹಾಗೆ ಆ ಕೆನ್ನೆ ಮೆಟ್ಟಿಲ ಗೋಡೆ ಏರಿತು. ಉದ್ಘಾಟನೆಯ ದಿನ ನಾದಿನಿಗೆ ಹಾರ ಹಾಕಿದರು. ಅತ್ತಿಗೆ ಆ ಹೊತ್ತು ಬೋರ್ಡಿನ ಡ್ಯೂಟಿಯಲ್ಲಿದ್ದಳು, ಯಾರಾದರೂ ಇರಬೇಕಲ್ಲ.

ಅಲ್ಲಿಂದ ಮುಂದೆ ಇಪ್ಪತ್ತೈದು ವರ್ಷ ಇಬ್ಬರೂ ಅದೇ ಕಿಟಕಿಯ ಕೆಳಗೆ ಹಾದು ಕೆಲಸಕ್ಕೆ ಹೋದರು. ನಾದಿನಿ ಮದುವೆಯಾಗಲಿಲ್ಲ. ಬಂದ ಒಂದೆರಡು ಸಂಬಂಧದವರು ಕಿಟಕಿ ನೋಡಿಕೊಂಡು ಬಂದವರು. ಅಷ್ಟು ದೊಡ್ಡ ಹೆಂಗಸು ನಮ್ಮ ಮನೆಗೆ ಹೊಂದಲಾರಳು ಎಂದು ಹಿಂದೆ ಸರಿದರು. ಅತ್ತಿಗೆಗೆ ಮಕ್ಕಳಾಗಲಿಲ್ಲ. ಸಾರ್ಟರ್ ನಿವೃತ್ತನಾದ ಮೇಲೂ ಮನೆಯ ಮಾತುಗಳನ್ನು ವಿಂಗಡಿಸುತ್ತಲೇ ಇದ್ದ. ಒಂದು ಬೆಳಿಗ್ಗೆ ಅವನು ಪೇಪರ್ ಓದುತ್ತ ಕುಳಿತವನು ಏಳಲಿಲ್ಲ.

ಬಂದವರೆಲ್ಲ ಹೋದ ಮೇಲೆ ಮನೆಯಲ್ಲಿ ಇಬ್ಬರೇ ಉಳಿದರು. ಎರಡು ದಿನ ಯಾರೂ ಮಾತಾಡಲಿಲ್ಲ. ಮೂರನೇ ದಿನ ಸಂಜೆ ಅಡುಗೆಮನೆಯಿಂದ ಸೀದ ವಾಸನೆ ಬಂತು.

“ಹಾಲಿಟ್ಟಿದ್ಯಾ?” ಎಂದಳು ಅತ್ತಿಗೆ.

ನಾದಿನಿ ಅಭ್ಯಾಸಬಲದಿಂದ ಅಣ್ಣನ ಕುರ್ಚಿಯ ಕಡೆ ತಿರುಗಿದಳು. ಅದು ಖಾಲಿಯಾಗಿತ್ತು. “ಇಟ್ಟಿದ್ದೆ ಅತ್ತಿಗೆ,” ಎಂದಳು ನೇರವಾಗಿ. ಆಮೇಲೆ ಇಬ್ಬರೂ ಅತ್ತರು. ಹಾಲಂತೂ ಹೋಗಿತ್ತು.

ಅಂದಿನಿಂದ ಮಾತಿಗೆ ಕೊರತೆಯಾಗಲಿಲ್ಲ. ತರಕಾರಿ, ಮಂಡಿ ನೋವು, ನೆರೆಯವರ ನಾಯಿ, ಎಲ್ಲದರ ಬಗ್ಗೆ ಮಾತಾಡಿದರು. ಕಿಟಕಿಯ ಬಗ್ಗೆ ಮಾತ್ರ ಇಲ್ಲ.

ಅಷ್ಟರಲ್ಲಿ ಊರಿಗೆ ತಾನೇ ಜೋಡಿಸಿಕೊಳ್ಳುವ ಟೆಲಿಫೋನ್ ಬಂದು ಬೋರ್ಡು ಮೂಲೆ ಸೇರಿತ್ತು, ಇಬ್ಬರೂ ನಿವೃತ್ತರಾಗಿದ್ದರು. ಪ್ರವಾಹವಾಗಿ ಮೂವತ್ತೆಂಟು ವರ್ಷಕ್ಕೆ ಕಟ್ಟಡವನ್ನು ಕೆಡವುವುದು, ಕಿಟಕಿಯನ್ನು ಹೊಸ ಗ್ರಂಥಾಲಯದ ಮೆಟ್ಟಿಲಿಗೆ ಸಾಗಿಸುವುದು ಎಂದು ತೀರ್ಮಾನವಾಯಿತು. ಇಳಿಸುವಾಗ ಹಗ್ಗ ಜಾರಿತು. ಮೇಲಿನ ಅರ್ಧವೂ ಕೆಳಗಿನ ಬಲ ಮೂಲೆಯೂ ಮೆಟ್ಟಿಲ ಅಂಚಿಗೆ ತಾಗಿ ಮುಖ, ಬಿಲ್ಲೆ, ಒಂದಷ್ಟು ನೀಲಿ ನೀರು ಪುಡಿಯಾದವು.

ಸುದ್ದಿ ಪೇಪರಿನಲ್ಲಿ ಬಂತು. ನಾದಿನಿ ಅದನ್ನು ಎರಡು ಸಲ ಓದಿ, ತರಕಾರಿಗೆ ಹೋಗಿ ಬರ್ತೀನಿ ಎಂದು ಹೇಳಿ ಗಾಜಿನ ಮೇಷ್ಟ್ರ ಕಾರ್ಯಾಗಾರಕ್ಕೆ ಹೋದಳು. ಮೇಷ್ಟ್ರು ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಮಗಳು ಉದ್ದನೆಯ ಮೇಜಿನ ಮೇಲೆ ಕಿಟಕಿಯನ್ನು ಮಲಗಿಸಿಕೊಂಡು, ಚೂರುಗಳನ್ನು ಹಿಡಿದಿದ್ದ ಸೀಸದ ಪಟ್ಟಿಗಳನ್ನು ಇಕ್ಕಳದಿಂದ ಬಿಡಿಸುತ್ತಿದ್ದಳು. ನಲವತ್ತೈದರ ಆಸುಪಾಸಿನ ಹೆಂಗಸು, ತಂದೆಯಂತೆಯೇ ಮಾತು ಕಡಿಮೆ.

“ಇದು ನೀವೇ ಅಲ್ವಾ ಆಂಟಿ?” ಎಂದು ಮುಖದ ಚೂರುಗಳನ್ನು ತೋರಿಸಿದಳು. “ಚಿಂತೆ ಮಾಡ್ಬೇಡಿ. ಊತ ಇಲ್ದೆ ಮಾಡ್ಕೊಡ್ತೀನಿ. ಸುಮ್ನೆ ಎದುರಿಗೆ ಕೂತ್ಕೊಳ್ಳಿ.”

“ಊತದ ಮಾತಲ್ಲ,” ಎಂದಳು ನಾದಿನಿ. ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಮೂವತ್ತೆಂಟು ವರ್ಷ ಒಳಗಿಟ್ಟುಕೊಂಡದ್ದು ಹೊರಗೆ ಬರಲು ಹತ್ತು ನಿಮಿಷ ಕೂಡ ಹಿಡಿಯಲಿಲ್ಲ. “ಈಗ ಯಾರನ್ನೂ ಡಿಸ್‌ಮಿಸ್ ಮಾಡೋಕಾಗಲ್ಲ. ಅತ್ತಿಗೆ ಮುಖ ಹಾಕಿ. ಫೋಟೋ ತಂದಿದೀನಿ.”

ಮಗಳು ಫೋಟೋ ನೋಡಿ ವಾಪಸ್ ಕೊಟ್ಟಳು. “ಫೋಟೋ ನೋಡಿ ಮಾಡೋದು ನಮ್ಮಪ್ಪಂಗೂ ಬರ್ತಿರ್ಲಿಲ್ಲ, ನಂಗೂ ಬರಲ್ಲ. ಅವರನ್ನೇ ಕರ್ಕೊಂಡು ಬನ್ನಿ.”

ಮರುದಿನ ನಾದಿನಿ ಕನ್ನಡಕದ ಅಂಗಡಿಗೆ ಹೋಗೋಣ ಎಂದು ಸುಳ್ಳು ಹೇಳಿ ಅತ್ತಿಗೆಯನ್ನು ಹೊರಡಿಸಿದಳು. ಕಾರ್ಯಾಗಾರದ ಬಾಗಿಲಲ್ಲಿ ಅತ್ತಿಗೆ ಮೇಜನ್ನೂ ಕಿಟಕಿಯನ್ನೂ ನೋಡಿ ನಿಂತುಬಿಟ್ಟಳು. ಅಲ್ಲಿ ಕನ್ನಡಕ ಮಾರುವುದಿಲ್ಲ ಎಂಬುದು ಅವಳಿಗೆ ಹೊಳೆಯಿತು.

“ಏನೇ ಇದು?”

“ನಿಮ್ಮ ಮುಖ ಬರೀತಾರೆ. ಕೂತ್ಕೊಳ್ಳಿ ಅತ್ತಿಗೆ.”

“ಬೇಡ ಅಂದಿದ್ದೆ.”

“ಅಣ್ಣನ ಹತ್ರ ಅಂದಿದ್ರಿ. ನನ್ನ ಹತ್ರ ಅಂದಿಲ್ಲ.” ನಾದಿನಿಯ ದನಿ ಏರಿತು. “ನೀವು ಮಾಡಿದ್ದನ್ನ ನನ್ನ ಕುತ್ತಿಗೆಗೆ ಕಟ್ಟಿ, ನಾನು ದಿನಾ ತಲೆ ತಗ್ಗಿಸೋದನ್ನ ನೋಡ್ತಾ ಇದ್ರಿ. ಒಂದು ಗೊರಕೆ ವಿಷಯಕ್ಕೆ ಮಾತು ಬಿಟ್ಟಿದ್ದಕ್ಕೆ ಇಷ್ಟು ಶಿಕ್ಷೆನಾ? ಯಾಕೆ ಬೇಡ ಅಂದ್ರಿ? ಇವತ್ತು ಹೇಳ್ಲೇಬೇಕು.”

ಅತ್ತಿಗೆ ಸ್ಟೂಲಿನ ಮೇಲೆ ಕುಳಿತಳು. ಬರೆಸಿಕೊಳ್ಳಲು ಅಲ್ಲ, ಹೇಳಲು. ಗಾಜಿನವಳು ಇಕ್ಕಳ ಕೆಳಗಿಟ್ಟು ಹೊರಗೆ ಹೋಗಲು ಎದ್ದಳು. “ಇರಮ್ಮ, ನೀನೂ ಕೇಳು,” ಎಂದಳು ಅತ್ತಿಗೆ.

“ಮೂಲೆ ಮನೆ ಟೈಲರ್ ಗೊತ್ತಲ್ಲ. ಕೊಟ್ಟ ಮಾತಿಗೆ ಬಟ್ಟೆ ಕೊಡ್ತಿರ್ಲಿಲ್ಲ. ಗಿರಾಕಿಗಳ ಕಾಟಕ್ಕೆ ಹಗಲೆಲ್ಲ ರಿಸೀವರ್ ತೆಗೆದು ಪಕ್ಕಕ್ಕೆ ಇಡ್ತಿದ್ದ. ಬೋರ್ಡಲ್ಲಿ ಅವನ ದೀಪ ಯಾವಾಗ್ಲೂ ಉರೀತಿತ್ತು, ನಿಂಗೂ ನೆನಪಿರ್ಬೇಕು.”

ನಾದಿನಿ ತಲೆಯಾಡಿಸಿದಳು.

“ರಿಸೀವರ್ ತೆಗೆದಿಟ್ರೆ ಗಂಟೆ ಹೊಡೆಯಲ್ಲ. ಲೈನ್ ಮಾತ್ರ ತೆರೆದಿರುತ್ತೆ. ನಾನು ಪ್ಲಗ್ ಹಾಕ್ದೆ. ಆ ಕಡೆ ಮಷೀನು ಓಡ್ತಿತ್ತು. ನಂಗೆ ಕೇಳಿಸ್ತಿತ್ತು. ಹೊಲೀತಿದ್ದ. ಕೂಗಿದೆ. ಟೈಲರ್ ಅಣ್ಣಾ, ನೀರು ಬರ್ತಿದೆ, ಏಳಿ ಅಂತ. ಮಷೀನು ನಿಂತ್ಕೊಂತು. ಕೇಳಿಸ್ತು ಅನ್ಕೊಂಡೆ. ದಾರ ಕತ್ತರಿಸೋಕೆ ನಿಲ್ಲಿಸಿದ್ದು. ಮತ್ತೆ ಶುರುವಾಯ್ತು. ಮೂರು ಸಲ ಕೂಗಿದೆ. ಇನ್ನೂ ಎಂಬತ್ತು ಮನೆ ಬಾಕಿ ಇತ್ತು. ಕಾಲಿನ ಹತ್ರ ನೀರು.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಕೊನೇಲಿ ಮತ್ತೆ ಮಾಡೋಣ ಅಂತ ಪ್ಲಗ್ ಕಿತ್ತೆ. ಕೊನೇಲಿ ಮರೆತೆ.”

ಅತ್ತಿಗೆ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದಳು.

“ನೀರಿಗೆ ಎಲ್ಲ ದೀಪ ಆರಿ ಹೋದ್ಮೇಲೆ, ತಾರಸಿ ಹತ್ತಿದ್ಮೇಲೆ ನೆನಪಾಯ್ತು. ಅಲ್ಲಿಂದ ಅವನ ಮನೆ ಕಾಣಿಸ್ತಿತ್ತು. ಮನೆ ಅಂದ್ರೆ ಹೆಂಚು. ಈಗ ಹೇಳು, ಯಾವ ಮುಖ ಇಟ್ಕೊಂಡು ಹಾರ ಹಾಕಿಸ್ಕೊಳ್ಲಿ? ನೀನು ಅಲ್ಲಿ ಇರ್ಲೇ ಇಲ್ಲ. ನಿನ್ನ ಕೈ ಶುದ್ಧ. ಅದಕ್ಕೇ ನಿನ್ನ ಮುಖಾನೇ ಇರ್ಲಿ ಅನ್ನಿಸ್ತು. ಹಗೆ ಅಲ್ಲ ಕಣೇ ಅದು.”

ನಾದಿನಿ ಕಿಟಕಿಯ ಚೂರುಗಳನ್ನು ನೋಡಿದಳು. ಮೂವತ್ತೆಂಟು ವರ್ಷ ಅವಳು ಒಂದು ಹಗೆಯನ್ನು ಜೋಪಾನವಾಗಿ ಕಾದುಕೊಂಡು ಬಂದಿದ್ದಳು. ಈಗ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

“ಟೈಲರ್ ಮಗ ಇದಾನಲ್ಲ,” ಎಂದಳು ಕೊನೆಗೆ. “ಮಾರ್ಕೆಟ್ ಹಿಂದೆ ಅಂಗಡಿ.”

“ಗೊತ್ತು. ಆ ಬೀದೀಲಿ ನಾನು ಓಡಾಡಲ್ಲ.”

“ನಾಳೆ ಹೋಗೋಣ.”

“ಏನಂತ ಹೋಗೋದು?”

“ನನ್ನ ಒಂದು ರವಿಕೆ ಬಿಗಿಯಾಗಿದೆ, ಹೇಗೂ ಬಿಚ್ಚಿಸ್ಬೇಕು.”

ಟೈಲರನ ಮಗನಿಗೂ ಅರವತ್ತು ದಾಟಿತ್ತು. ಕುತ್ತಿಗೆಯಲ್ಲಿ ಅಳತೆ ಟೇಪು, ಕಿವಿಯ ಹಿಂದೆ ಸೀಮೆಸುಣ್ಣ. ರವಿಕೆಯನ್ನು ತಿರುವಿ ನೋಡಿ, “ಒಳಗೆ ಬಟ್ಟೆ ಬಿಟ್ಟಿದಾರೆ, ಒಂದಿಂಚು ಸಿಗುತ್ತೆ,” ಎಂದ. ಆಮೇಲೆ ಅತ್ತಿಗೆಯ ಕಡೆ ನೋಡಿದ. “ನಿಮ್ಮದೇನಮ್ಮಾ?”

ಅತ್ತಿಗೆ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಬಾಯಿ ತೆರೆದಾಗ ಜೋಡಿಸಿದ್ದೆಲ್ಲ ಬಿಟ್ಟು ಹೋಯಿತು. ಹಿಂದುಮುಂದಾಗಿ ಹೇಳಿದಳು, ಮೊದಲು ಪ್ಲಗ್ ಕಿತ್ತದ್ದು, ಆಮೇಲೆ ಪ್ರವಾಹ. ನಡುವೆ ಒಬ್ಬ ಗಿರಾಕಿ ಬಂದು ಪ್ಯಾಂಟು ಆಗಿದೆಯಾ ಎಂದು ಕೇಳಿದ. “ನಾಳೆ ಬನ್ನಿ,” ಎಂದ ಮಗ, ತಲೆ ಎತ್ತದೆ.

ಎಲ್ಲ ಮುಗಿದ ಮೇಲೆ ಅವನು ಕತ್ತರಿಯನ್ನು ಮೇಜಿನ ಮೇಲಿಟ್ಟ.

“ಮಷೀನು ಓಡ್ತಿತ್ತಾ?”

“ಓಡ್ತಿತ್ತಪ್ಪಾ.”

“ಸರಿಯಾಗಿ ಕೇಳಿಸ್ಕೊಂಡ್ರಾ? ನಿದ್ದೆ ಮಾಡ್ತಿರ್ಲಿಲ್ಲ?”

“ಹೊಲೀತಿದ್ರು. ಉದ್ದ ಹೊಲಿಗೆ. ಮಧ್ಯ ಒಂದೇ ಸಲ ನಿಲ್ಲಿಸಿದ್ದು.”

ಮಗ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. “ಒಂದು ಕೋಟು ಇತ್ತು,” ಎಂದ. “ಹೆಡ್‌ಮಾಸ್ಟ್ರದು. ಆ ಸಂಜೆ ಕೊಡ್ತೀನಿ ಅಂತ ನಾನೇ ಮಾತು ಕೊಟ್ಟಿದ್ದೆ, ಅಪ್ಪನ್ನ ಒಂದು ಮಾತೂ ಕೇಳದೇ. ಬೆಳಿಗ್ಗೆ ಅದಕ್ಕೇ ಜಗಳ. ‘ನಿಂಗೆ ಸೋಮಾರಿತನ, ಹೊಲಿಯೋದು ಬಿಟ್ಟು ಮಲಗ್ತೀಯ’ ಅಂತ ಅಪ್ಪಂಗೆ ಬೈದು ಗುಂಡಿ ತರೋಕೆ ಪೇಟೆಗೆ ಹೋದೆ. ಆಮೇಲೆ ಊರೆಲ್ಲ ಅದನ್ನೇ ಅಂತು. ಮಲಗಿದ್ದ, ಅದಕ್ಕೇ ಹೋದ ಅಂತ.” ಅವನು ಕಿವಿಯ ಹಿಂದಿನ ಸೀಮೆಸುಣ್ಣವನ್ನು ತೆಗೆದು ನೋಡಿ ಮತ್ತೆ ಅಲ್ಲೇ ಇಟ್ಟ. “ಹಾಗಾದ್ರೆ ಕೋಟು ಹೊಲೀತಿದ್ರು.”

“ನಾನು ಇನ್ನೊಂದು ಸಲ ಕೂಗ್ಬೇಕಿತ್ತು,” ಎಂದಳು ಅತ್ತಿಗೆ.

“ಅಮ್ಮಾ, ಮಷೀನು ಓಡುವಾಗ ನಾನು ಪಕ್ಕದಲ್ಲಿ ನಿಂತು ಕೂಗಿದ್ರೂ ಅವರಿಗೆ ಕೇಳಿಸ್ತಿರ್ಲಿಲ್ಲ. ಭುಜ ಹಿಡಿದು ಅಲ್ಲಾಡಿಸ್ಬೇಕಿತ್ತು.” ಅವನು ಕತ್ತರಿಯನ್ನು ಪಕ್ಕಕ್ಕೆ ಸರಿಸಿದ. “ಅಲ್ಲಾಡಿಸೋಕೆ ನಾನು ಇರ್ಬೇಕಿತ್ತು.”

ಆಮೇಲೆ ಅವನು ಎದ್ದು ಎದುರು ಅಂಗಡಿಯಿಂದ ಚಹಾ ತರಿಸಿದ. ರವಿಕೆಯನ್ನು ಅಲ್ಲೇ ಕೂತು ಬಿಚ್ಚಿ ಹೊಲಿದುಕೊಟ್ಟ. ಆ ಮನೆತನದಲ್ಲಿ ಅದೇ ದಿನ ಬಟ್ಟೆ ಸಿಕ್ಕಿದ್ದು ಅದೇ ಮೊದಲು ಎಂದು ನಾದಿನಿ ಹೊರಗೆ ಬಂದ ಮೇಲೆ ಹೇಳಿದಳು. ಅತ್ತಿಗೆ ನಕ್ಕಳು, ಮೂಗೊರೆಸಿಕೊಂಡಳು.

ಮುಂದಿನ ವಾರ ಅತ್ತಿಗೆ ಕಾರ್ಯಾಗಾರದಲ್ಲಿ ಸ್ಟೂಲಿನ ಮೇಲೆ ಎರಡು ಗಂಟೆ ಕುಳಿತಳು. ಗಾಜಿನವಳು ತನಗೆ ಕಂಡದ್ದನ್ನು ಬರೆದಳು. ಎಪ್ಪತ್ತೊಂದು ವರ್ಷದ ಮುಖ, ಬಿಳಿ ಕೂದಲು, ಬಾಯಿಯ ಎರಡೂ ಕಡೆ ಆಳದ ಗೆರೆ. ಆ ವಯಸ್ಸಿನ ಆಪರೇಟರನ್ನು ಯಾವ ಎಕ್ಸ್‌ಚೇಂಜೂ ಇಟ್ಟುಕೊಂಡಿರಲಿಲ್ಲ ಎಂದು ಗ್ರಂಥಾಲಯ ಸಮಿತಿ ಆಕ್ಷೇಪಿಸಿತು. ಸುಟ್ಟಾಗಿದೆ ಎಂದು ಉತ್ತರ ಹೋಯಿತು. ಬಿಲ್ಲೆಯಲ್ಲಿ ನಾಲ್ಕು ಎಂಬ ಅಂಕಿ ಬಂತು. ಒಡೆದ ನೀಲಿ ನೀರಿನ ಜಾಗದಲ್ಲಿ, ಬಲಗಡೆ ಕೆಳಗೆ, ಒಂದು ಹೊಲಿಗೆ ಮಷೀನು ಬಂತು. ಅದು ಮಗನ ಕೋರಿಕೆ. ಅಳತೆಗೆಂದು ಅವನೇ ಮಷೀನನ್ನು ಕೈಗಾಡಿಯಲ್ಲಿ ಕಾರ್ಯಾಗಾರಕ್ಕೆ ತಂದಿದ್ದ.

ಹಳೆಯ ಸಹಿಯ ವಿಷಯ ಇಲಾಖೆಗೆ ತಲುಪಿತು. ಆರು ತಿಂಗಳ ಮೇಲೆ, ನಾಲ್ಕನೇ ನಂಬರಿನವರು ಮೂವತ್ತೆಂಟು ವರ್ಷದ ಹಿಂದಿನ ಆ ದಿನ ಅನುಮತಿಯಿಲ್ಲದೆ ಬೇರೆಯವರ ಬೋರ್ಡು ಮುಟ್ಟಿದ್ದಕ್ಕೆ ವಿವರಣೆ ಕೊಡಬೇಕೆಂದು ಒಂದು ಪತ್ರ ಬಂತು. ಅತ್ತಿಗೆ ಒಂದೇ ಸಾಲಿನಲ್ಲಿ ಬರೆದು ಕಳಿಸಿದಳು: ‘ನಾದಿನಿಗೆ ಹಲ್ಲುನೋವಿತ್ತು.’ ಮತ್ತೆ ಪತ್ರ ಬರಲಿಲ್ಲ.

ಗ್ರಂಥಾಲಯಕ್ಕೆ ಬರುವವರಿಗೆ ಕಿಟಕಿ ಸುಲಭಕ್ಕೆ ಅರ್ಥವಾಗುವುದಿಲ್ಲ. ನೀರಿನಲ್ಲಿ ಕುಳಿತು ಅಜ್ಜಿ ಯಾರ ಹತ್ತಿರ ಮಾತಾಡುತ್ತಿದ್ದಾಳೆ, ಮಷೀನು ಯಾಕೆ ಮುಳುಗಿದೆ ಎಂದು ಕೇಳುತ್ತಾರೆ. ಗ್ರಂಥಪಾಲಕಿ ಪುಸ್ತಕಕ್ಕೆ ಮೊಹರು ಒತ್ತುತ್ತಲೇ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ. ಕೇಳಿದವರಲ್ಲಿ ಅರ್ಧ ಜನ ನಂಬುತ್ತಾರೆ.

ಅತ್ತಿಗೆ ಅಲ್ಲಿಗೆ ಒಂದೇ ಸಲ ಹೋದಳು. ನೋಡಿ, “ಗಲ್ಲ ಸ್ವಲ್ಪ ಉದ್ದ ಮಾಡಿದಾಳೆ,” ಎಂದು ವಾಪಸ್ ಬಂದಳು. ನಾದಿನಿ ಮಾತ್ರ ವಾರಕ್ಕೆರಡು ಸಲ ಹೋಗುತ್ತಾಳೆ. ಮಂಡಿ ನೋವಿದ್ದರೂ ಲಿಫ್ಟಿನ ಹತ್ತಿರ ಸುಳಿಯುವುದಿಲ್ಲ. ಮಧ್ಯದ ಮೆಟ್ಟಿಲಲ್ಲಿ ನಿಂತು, ಕಂಬಿ ಹಿಡಿದು, ತಲೆಯೆತ್ತಿ ಬೇಕಾದಷ್ಟು ಹೊತ್ತು ನೋಡುತ್ತಾಳೆ. ಹಿಂದಿನಿಂದ ಬಂದವರು ದಾರಿ ಕೇಳಿದರೆ ಗೋಡೆಗೆ ಸರಿದು ಬಿಡುತ್ತಾಳೆ.